ಹಳೆಯ ಕ್ರೂಸಿಂಗ್ ಯಾಟ್ ಮಾರುವುದು: ಎಲ್ಲಿ, ಯಾವಾಗ, ಯಾರ ಮೂಲಕ?

ದೂರದ ಸಮುದ್ರಯಾನಕ್ಕೆಂದು ಕೊಂಡ ಹಾಯಿದೋಣಿಯನ್ನು ಮಾರಲು ಹೊರಟವರು ಮೊದಲು ಫೋಟೋ ತೆಗೆಯುತ್ತಾರೆ, ಆಮೇಲೆ ಜಾಹೀರಾತು ಹಾಕುತ್ತಾರೆ. ದೋಣಿ ಎಲ್ಲಿ ನಿಂತಿದೆ ಎಂಬ ಯೋಚನೆ ಬರುವುದು ಆರು ತಿಂಗಳು ಕಳೆದರೂ ಗಿರಾಕಿ ಸಿಗದಿದ್ದಾಗ. ಈ ಕ್ರಮವೇ ತಲೆಕೆಳಗು. ಕಾರನ್ನಾದರೆ ಕೊಂಡವರು ಓಡಿಸಿಕೊಂಡು ಮನೆಗೆ ಹೋಗುತ್ತಾರೆ. 40 ಅಡಿ ಯಾಟ್ ಕೊಂಡವರು ಅದು ನಿಂತ ಬಂದರಿನಿಂದಲೇ ತಮ್ಮ ಪ್ರಯಾಣ ಶುರುಮಾಡಬೇಕು. ಆ ಬಂದರು ಅವರಿಗೆ ಅನುಕೂಲವಾಗಿದ್ದರೆ ಬೆಲೆ ಕೊಡುತ್ತಾರೆ, ಇಲ್ಲದಿದ್ದರೆ ದೋಣಿ ಎಷ್ಟೇ ಚೆನ್ನಾಗಿದ್ದರೂ ಚೌಕಾಸಿಗಿಳಿಯುತ್ತಾರೆ. ಅದಕ್ಕೇ ಇಲ್ಲಿ ಮೊದಲು ಗಿರಾಕಿ, ನಂತರ ಸ್ಥಳ, ನಂತರ ತೆರಿಗೆ ಮತ್ತು ಕಾಗದಪತ್ರ; ಜಾಹೀರಾತಿನ ಸರದಿ ಬಹಳ ಕೆಳಗಿದೆ.

ಹಂತ 1: ಈ ದೋಣಿ ಯಾರಿಗೆ ಬೇಕು?

ಕ್ರೂಸಿಂಗ್ ಯಾಟ್ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಸರಕುಗಳಿವೆ. ಬೆನೆಟೊ, ಜಾನೊ, ಬವೇರಿಯಾದಂಥ ಕಾರ್ಖಾನೆಗಳಿಂದ ಸಾಲುಸಾಲಾಗಿ ಹೊರಬಂದ ದೋಣಿಗಳಿಗೆ ಗಿರಾಕಿಗಳು ಹೆಚ್ಚು, ಅಂಥದ್ದೇ ಇನ್ನೊಂದು ಪಕ್ಕದ ಬರ್ತ್‌ನಲ್ಲಿ (ದೋಣಿ ಕಟ್ಟುವ ಜಾಗದಲ್ಲಿ) ಮಾರಾಟಕ್ಕಿರುವ ಸಂಭವವೂ ಹೆಚ್ಚು. ಅಲ್ಲಿ ಬೆಲೆ ಮತ್ತು ಅಚ್ಚುಕಟ್ಟುತನದ ಮೇಲೆ ಪೈಪೋಟಿ. ಸ್ವೀಡನ್ನಿನ ಹಾಲ್‌ಬರ್ಗ್-ರಾಸಿ, ಫ್ರಾನ್ಸಿನ ಅಮೆಲ್ ಮುಂತಾದವುಗಳಿಗೆ ಗಿರಾಕಿಗಳು ಕಡಿಮೆ. ಆದರೆ ಅವರು ಮಾಡೆಲ್ ಹೆಸರು ಹಿಡಿದೇ ಹುಡುಕುತ್ತಾರೆ, ವಿಮಾನ ಹತ್ತಿ ಬಂದು ನೋಡುತ್ತಾರೆ. ಉಕ್ಕಿನ ದೋಣಿಗೆ ನೆದರ್ಲೆಂಡ್ಸ್‌ನಲ್ಲಿ ಮರ್ಯಾದೆಯಿದೆ. ಅದೇ ದೋಣಿ ಫ್ಲಾರಿಡಾದಲ್ಲಿ ನಿಂತರೆ ನೋಡಲು ಬಂದವರ ಬಾಯಲ್ಲಿ ತುಕ್ಕಿನ ಮಾತೇ.

ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಈಗಿರುವ ಸಲಕರಣೆಯಲ್ಲೇ, ಹೊಸದೇನನ್ನೂ ಹಾಕಿಸದೆ, ಮುಂದಿನ ಮಾಲೀಕರು ಈ ದೋಣಿಯಲ್ಲಿ ಏನೇನು ಮಾಡಬಹುದು? ಸಮುದ್ರದ ನೀರನ್ನು ಸಿಹಿನೀರು ಮಾಡುವ ವಾಟರ್‌ಮೇಕರ್, ಸೋಲಾರ್ ಫಲಕಗಳು, ಗಾಳಿಯ ಬಲದಿಂದಲೇ ದಿಕ್ಕು ಹಿಡಿಯುವ ವಿಂಡ್‌ವೇನ್, ಭಾರದ ಲಂಗರು, ಉದ್ದನೆಯ ಸರಪಳಿ ಇವೆಲ್ಲ ಇದ್ದರೆ ನೀವು ಮಾರುತ್ತಿರುವುದು ಸಾಗರ ದಾಟಲು ಸಿದ್ಧವಾಗಿರುವ ದೋಣಿಯನ್ನು. ಸಾಗರ ದಾಟಬೇಕೆಂದಿರುವವರಿಗೆ ಇವು ಒಂದು ವರ್ಷದ ದುಡಿಮೆ ಉಳಿಸುತ್ತವೆ. ವಾರಾಂತ್ಯಕ್ಕೆ ಕೊಲ್ಲಿಯೊಳಗೆ ಸುತ್ತಾಡುವವರಿಗೆ ಅದೇ ವಿಂಡ್‌ವೇನ್ ಎಂದರೆ ಹಿಂಬದಿಯ ಏಣಿಗೆ ಅಡ್ಡ ಬರುವ ಕಬ್ಬಿಣ. ಅವರು ಅದಕ್ಕೆ ಒಂದು ಕಾಸನ್ನೂ ಸೇರಿಸಿ ಕೊಡುವುದಿಲ್ಲ, ಕಳಚಿಕೊಡಿ ಎಂದರೂ ಅಚ್ಚರಿಯಿಲ್ಲ.

ಹಂತ 2: ಅವರ ಪ್ರಯಾಣ ಎಲ್ಲಿಂದ ಶುರುವಾಗುತ್ತದೆ?

ವಿಶ್ವ ಸುತ್ತುವ ದೋಣಿಗಳು ಮನಬಂದಂತೆ ಹರಡಿಕೊಂಡಿರುವುದಿಲ್ಲ. ವ್ಯಾಪಾರ ಮಾರುತ ಬೀಸುವ ಕಡೆಗೆ, ಚಂಡಮಾರುತದ ಕಾಲ ತಪ್ಪಿಸಿಕೊಂಡು, ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತವೆ. ಯುರೋಪಿನಿಂದ ಹೊರಟವು ಕ್ಯಾನರಿ ದ್ವೀಪಗಳಲ್ಲಿ ಸೇರಿ ನವೆಂಬರ್ ಹೊತ್ತಿಗೆ ಅಟ್ಲಾಂಟಿಕ್ ದಾಟುತ್ತವೆ. 1986ರಿಂದ ನಡೆಯುತ್ತಿರುವ ಎಆರ್‌ಸಿ (ಅಟ್ಲಾಂಟಿಕ್ ರ್ಯಾಲಿ ಫಾರ್ ಕ್ರೂಸರ್ಸ್) ಸಾಮೂಹಿಕ ಯಾನ ಅಲ್ಲಿನ ಲಾಸ್ ಪಾಲ್ಮಾಸ್‌ನಿಂದ ಹೊರಡುವುದೂ ಆಗಲೇ. ಮುಂದೆ ಕೆರಿಬಿಯನ್, ಪನಾಮಾ ಕಾಲುವೆ, ಫ್ರೆಂಚ್ ಪಾಲಿನೇಷ್ಯಾ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲವಾದ್ದರಿಂದ ಅಕ್ಟೋಬರ್-ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಇಲ್ಲವೇ ಆಸ್ಟ್ರೇಲಿಯಾ.

ಈ ದಾರಿಯಲ್ಲಿ ಜನ ಯಾನ ಆರಂಭಿಸುವ ತಾಣಗಳೂ ಇವೆ, ಸುಸ್ತಾಗಿ ನಿಲ್ಲಿಸುವ ತಾಣಗಳೂ ಇವೆ. ಎರಡನೆಯ ಬಗೆಯ ಕಡೆ ಮಾರುವವರದೇ ಗುಂಪು. ಅಟ್ಲಾಂಟಿಕ್ ದಾಟಿದ ಮೇಲೆ "ಇನ್ನು ಸಾಕು" ಎಂದ ದಂಪತಿಗಳು ಕೆರಿಬಿಯನ್ನಿನ ದೋಣಿ ದುರಸ್ತಿ ಯಾರ್ಡ್‌ಗಳಲ್ಲಿ ದೋಣಿಯನ್ನು ದಡಕ್ಕೆ ಎತ್ತಿಟ್ಟು ವಿಮಾನ ಹತ್ತುತ್ತಾರೆ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ಅವಧಿಯಲ್ಲಿ ದೋಣಿ ಇಂತಿಷ್ಟು ಅಕ್ಷಾಂಶದ ಆಚೆಗಿರಬೇಕೆಂದು ಹಲವು ವಿಮಾ ಕಂಪನಿಗಳು ಷರತ್ತು ಹಾಕುತ್ತವೆ. ಹೀಗಾಗಿ ಏಪ್ರಿಲ್-ಮೇ ಬಂದರೆ ಮಾರುವವರಿಗೆ ಕೈಕಾಲು ಆಡುವುದಿಲ್ಲ, ಕೊಳ್ಳುವವರಿಗೆ ಅವಸರವೇ ಇರುವುದಿಲ್ಲ. ಅದೇ ದೋಣಿಯನ್ನು ಅದೇ ದ್ವೀಪದಲ್ಲಿ ಅಕ್ಟೋಬರ್‌ನಲ್ಲಿ, ಬಣ್ಣ ಹೊಡೆಸಿ ನೀರಿಗಿಳಿಸಲು ಸಿದ್ಧವಾಗಿಟ್ಟರೆ ಚಳಿಗಾಲವನ್ನು ಕೆರಿಬಿಯನ್ನಿನಲ್ಲಿ ಕಳೆಯಬೇಕೆಂದಿರುವವರು ಬಂದು ನೋಡುತ್ತಾರೆ. ಗಾಳಿ ಬಂದಾಗ ತೂರಿಕೋ ಎಂಬ ಮಾತು ಈ ವ್ಯಾಪಾರಕ್ಕೆ ಅಕ್ಷರಶಃ ಹೊಂದುತ್ತದೆ.

ಉತ್ತರದ ಸಮಶೀತೋಷ್ಣ ವಲಯದಲ್ಲಿ ಲೆಕ್ಕ ಬೇರೆ. ಬ್ರಿಟನ್, ಹಾಲೆಂಡ್, ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಗೆ ಮೊದಲೇ ದೋಣಿ ಕೈಗೆ ಬರಬೇಕೆಂದು ಜನ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಡುಕಾಡುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಒಳ್ಳೆಯ ಸಮಯ ಅಕ್ಟೋಬರ್: ಅನಾಪೊಲಿಸ್‌ನ ಹಾಯಿದೋಣಿ ಪ್ರದರ್ಶನಕ್ಕೆ ಬಂದವರು ಹೊಸ ದೋಣಿಗಳ ಬೆಲೆ ಕೇಳಿ, ಹತ್ತಿರದ ಬ್ರೋಕರ್‌ಗಳಲ್ಲಿ ಹಳೆಯವೇನಿವೆ ಎಂದು ವಿಚಾರಿಸುವ ಕಾಲ. ನ್ಯೂಜಿಲೆಂಡ್‌ಗೆ ನವೆಂಬರ್‌ನಲ್ಲಿ ಬಂದಿಳಿದವರು ಅದೇ ತಿಂಗಳು ಮಾರಾಟಕ್ಕಿಟ್ಟುಬಿಡಬೇಕು. ಉಷ್ಣವಲಯದ ಕಡೆ ದೋಣಿಗಳು ಮತ್ತೆ ಹೊರಡುವುದು ಸುಮಾರು ಮೇ ತಿಂಗಳಲ್ಲಿ, ಕೊಳ್ಳುವವರಿಗೆ ಸಿದ್ಧತೆಗೆ ಅಷ್ಟು ಸಮಯ ಬೇಕೇ ಬೇಕು.

ಹಾಗಾದರೆ ದೋಣಿಯನ್ನು ಒಳ್ಳೆಯ ಮಾರುಕಟ್ಟೆಗೆ ಒಯ್ದು ಮಾರಬೇಕೇ? ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಒಂದು, ಎರಡು ಕಡೆಯ ನಿಜವಾದ ಮಾರಾಟದ ಬೆಲೆಗಳ ವ್ಯತ್ಯಾಸ (ಜಾಹೀರಾತಿನ ಬೆಲೆಗಳದಲ್ಲ). ಎರಡು, ಒಯ್ಯುವ ಖರ್ಚು: ಬಾಡಿಗೆ ಕಪ್ತಾನ ಮತ್ತು ಸಿಬ್ಬಂದಿಯ ಸಂಬಳ, ಅವರ ವಿಮಾನದ ಟಿಕೆಟ್, ಡೀಸೆಲ್, ಹೆಚ್ಚುವರಿ ವಿಮೆ, ದಾರಿಯಲ್ಲಿ ಹರಿಯುವ ಹಾಯಿ, ಕೆಡುವ ಪಂಪು. ಮೂರು, ಅಲ್ಲಿ ಹೋದ ಮೇಲೆ ಬೀಳಬಹುದಾದ ತೆರಿಗೆ. ಎರಡು ಮತ್ತು ಮೂರನ್ನು ಒಂದರಿಂದ ಕಳೆದ ಮೇಲೂ ಕಣ್ಣಿಗೆ ಕಾಣುವಷ್ಟು ಉಳಿದರೆ ಮಾತ್ರ ಹೊರಡಿ. ನನ್ನ ಅಭಿಪ್ರಾಯದಲ್ಲಿ, ಗಾಳಿಗೆ ಎದುರಾಗಿ ಒಂದು ಸಾಗರ ದಾಟಿಸಿ ಮಾರುವುದು ಲಾಭವಾಗುವುದು ಅಪರೂಪ. ಗಾಳಿಯ ಜೊತೆಗೆ, ಹೇಗೂ ಹೋಗುವ ದಾರಿಯಲ್ಲೇ ಒಳ್ಳೆಯ ಮಾರುಕಟ್ಟೆಯಿದ್ದರೆ ಅಲ್ಲಿಯವರೆಗೆ ಯಾನ ಮುಗಿಸಿ ಮಾರುವುದು ಜಾಣತನ.

ದೋಣಿ ನಿಂತ ಜಾಗ ವಿಮಾನ ನಿಲ್ದಾಣದಿಂದ ಎಷ್ಟು ದೂರ ಎಂಬುದನ್ನೂ ಹಗುರವಾಗಿ ಎಣಿಸಬೇಡಿ. ಎರಡು ವಿಮಾನ, ಒಂದು ಫೆರಿ, ಒಂದು ಟ್ಯಾಕ್ಸಿ ಎಂದಾದರೆ ನೋಡಲು ಬರುವವರು ನಿಜವಾದ ಗಿರಾಕಿಗಳೇ ಆಗಿರುತ್ತಾರೆ, ಆದರೆ ವರ್ಷಕ್ಕೆ ಇಬ್ಬರು ಬಂದರೆ ಹೆಚ್ಚು.

ಹಂತ 3: ಅಲ್ಲಿ ಮಾರಲು ಕಾನೂನು ಬಿಡುತ್ತದೆಯೇ?

ಒಳ್ಳೊಳ್ಳೆಯ ಮಾರಾಟಗಳು ಮುರಿದುಬೀಳುವುದು ಇಲ್ಲಿ. ವಿದೇಶಿ ಧ್ವಜದ ದೋಣಿ ಪ್ರವಾಸಿಯಾಗಿ ಒಂದು ದೇಶದ ನೀರಿನಲ್ಲಿ ಇರುವುದು ಬೇರೆ, ಅಲ್ಲಿ ಮಾರಾಟವಾಗುವುದು ಬೇರೆ.

ಯುರೋಪಿಯನ್ ಒಕ್ಕೂಟದಲ್ಲಿ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು ವ್ಯಾಟ್. ದೋಣಿಯ ಮೇಲೆ ವ್ಯಾಟ್ ಕಟ್ಟಿದ್ದಕ್ಕೆ ಮೂಲ ಬಿಲ್ ಅಥವಾ ಆಮದು ದಾಖಲೆ ಇದೆಯೇ? 1985ರ ಜನವರಿ 1ಕ್ಕೆ ಮೊದಲೇ ಬಳಕೆಯಲ್ಲಿದ್ದು, 1992ರ ಕೊನೆಯ ದಿನ ಒಕ್ಕೂಟದೊಳಗೆ ಇದ್ದ ದೋಣಿಗಳಿಗೆ ವ್ಯಾಟ್ ಕಟ್ಟಿದಂತೆಯೇ ಎಂದು ವಿನಾಯಿತಿ ಸಿಕ್ಕಿತ್ತು. ಅದಕ್ಕೂ ಪುರಾವೆ ಬೇಕು. ಒಕ್ಕೂಟದ ಹೊರಗೆ ಹೋಗಿ ಅಲ್ಲಿ ಮಾರಾಟವಾದರೆ ಆ ಸ್ಥಾನಮಾನ ಹೋಗುತ್ತದೆ, ಹೊಸ ಮಾಲೀಕರು ವಾಪಸ್ ತಂದಾಗ ಮತ್ತೆ ಕಟ್ಟಬೇಕು. ಅದೇ ಮಾಲೀಕರು ಸಾಮಾನ್ಯವಾಗಿ ಮೂರು ವರ್ಷದೊಳಗೆ ಹಿಂದಿರುಗಿದರೆ ವಿನಾಯಿತಿ ಉಂಟು. ಹಾಗಾಗಿ ಕೆರಿಬಿಯನ್ನಿನಲ್ಲಿ ನಿಂತ ಯುರೋಪಿನ ದೋಣಿಗೆ "ವ್ಯಾಟ್ ಪಾವತಿಯಾಗಿದೆ" ಎಂದು ಜಾಹೀರಾತಿನಲ್ಲಿ ಬರೆಯುವ ಮುನ್ನ ಎರಡು ಸಲ ಯೋಚಿಸಿ. ಆ ಸಾಲು ಕೊಳ್ಳುವವರ ಪಾಲಿಗೆ ಸುಳ್ಳಾಗಬಹುದು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ 2020ರ ಡಿಸೆಂಬರ್ 31ರ ರಾತ್ರಿ ದೋಣಿ ಎಲ್ಲಿತ್ತು ಎಂಬುದೂ ಪ್ರಶ್ನೆಯಾಗಿದೆ. ಅಂದಿನ ಮರೀನಾ (ದೋಣಿ ನಿಲ್ದಾಣ) ರಸೀದಿ ನಿಮ್ಮಲ್ಲಿದ್ದರೆ ಜೋಪಾನ ಮಾಡಿ. ಒಕ್ಕೂಟದ ಹೊರಗಿನವರು ತಾತ್ಕಾಲಿಕ ಪ್ರವೇಶದಡಿ 18 ತಿಂಗಳು ದೋಣಿ ಇಟ್ಟುಕೊಳ್ಳಬಹುದು, ಆದರೆ ಅಲ್ಲಿನವರಿಗೆ ಮಾರಿದರೆ ಆಮದು ವ್ಯಾಟ್‌ನ ಮಾತು ಬಂದೇ ಬರುತ್ತದೆ.

ಎರಡನೆಯದು ಸಿಇ ಗುರುತು, ಅಂದರೆ ದೋಣಿ ಒಕ್ಕೂಟದ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಎಂಬ ಮುದ್ರೆ. 1998ರ ಜೂನ್ 16ರಿಂದ ಯುರೋಪಿನ ಮಾರುಕಟ್ಟೆಗೆ ಬರುವ ಮನರಂಜನಾ ದೋಣಿಗಳಿಗೆ ಇದು ಕಡ್ಡಾಯ. ಅದಿಲ್ಲದ ಅಮೆರಿಕದ ದೋಣಿಯನ್ನು ಮೆಡಿಟರೇನಿಯನ್‌ಗೆ ತಂದು ಯುರೋಪಿನವರಿಗೆ ಮಾರಲು ಸಾಮಾನ್ಯವಾಗಿ ತಯಾರಿಕೋತ್ತರ ಪರಿಶೀಲನೆ ಮಾಡಿಸಬೇಕು. ಅದರ ಖರ್ಚು ಹಳೆಯ ದೋಣಿಯೊಂದರ ಲಾಭವನ್ನು ನುಂಗಿಹಾಕುತ್ತದೆ.

ಅಮೆರಿಕದಲ್ಲಿ, ಸುಂಕ ಕಟ್ಟದ ವಿದೇಶಿ ಧ್ವಜದ ಯಾಟನ್ನು ಅಲ್ಲಿನ ನೀರಿನಲ್ಲಿರುವಾಗ ಅಮೆರಿಕದ ನಿವಾಸಿಗಳಿಗೆ ಮಾರಾಟಕ್ಕೆ ಒಡ್ಡುವಂತಿಲ್ಲ. ಬ್ರೋಕರ್‌ಗಳ ಜಾಹೀರಾತುಗಳ ಕೆಳಗೆ ಸಣ್ಣಕ್ಷರದಲ್ಲಿ ಈ ಎಚ್ಚರಿಕೆ ಕಾಣುವುದು ಅದಕ್ಕೇ. ದಾರಿ ಇದೆ: ಮಾರಾಟಕ್ಕಿಡುವ ಮುನ್ನ ಸುಂಕ ಕಟ್ಟಿ ಬಿಡಿಸಿಕೊಳ್ಳುವುದು. ದರ ಬದಲಾಗುತ್ತಿರುತ್ತದೆ, ಕಸ್ಟಮ್ಸ್ ಏಜೆಂಟರನ್ನು ಕೇಳಿಯೇ ಮುಂದುವರಿಯಿರಿ. ನ್ಯೂಜಿಲೆಂಡ್‌ನಲ್ಲಿ ಶೇ. 15, ಆಸ್ಟ್ರೇಲಿಯಾದಲ್ಲಿ ಶೇ. 10 ಜಿಎಸ್‌ಟಿ, ತಾತ್ಕಾಲಿಕವಾಗಿ ಬಂದ ದೋಣಿಯನ್ನು ಅಲ್ಲಿಯವರಿಗೆ ಮಾರುವುದೆಂದರೆ ಈ ತೆರಿಗೆಯನ್ನು ಬೆಲೆಯೊಳಗೆ ಯಾರು ಹೊರುತ್ತಾರೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಹಂತ 4: ಕಾಗದಪತ್ರ

ಗಿರಾಕಿ ಕೇಳಿದ ಮೇಲೆ ಹುಡುಕಲು ಕೂತರೆ ಅವರ ಅನುಮಾನಕ್ಕೆ ನೀವೇ ನೀರೆರೆದಂತೆ. ನೋಂದಣಿ ಪತ್ರ, ನಿಮ್ಮ ಹೆಸರಿನವರೆಗೆ ಬಂದಿರುವ ಎಲ್ಲ ಹಿಂದಿನ ಕ್ರಯಪತ್ರಗಳು, ತೆರಿಗೆ ಪುರಾವೆ, ಸಾಲವಿದ್ದರೆ ಬ್ಯಾಂಕಿನ ಬಾಕಿ ಪತ್ರ, ದುರಸ್ತಿಯ ಬಿಲ್ಲುಗಳು ಇವನ್ನೆಲ್ಲ ಒಂದು ಕಡತದಲ್ಲಿಟ್ಟು ಸ್ಕ್ಯಾನ್ ಮಾಡಿಸಿ. ಒಡಲಿನ ಹಿಂಬದಿ ಬಲಗಡೆ ಕೊರೆದಿರುವ ಗುರುತಿನ ಸಂಖ್ಯೆ (ಅಮೆರಿಕದ ಕ್ರಮದಲ್ಲಿ 12 ಅಕ್ಷರ, ಯುರೋಪಿನದರಲ್ಲಿ ದೇಶದ ಸಂಕೇತ ಸೇರಿ 14) ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೀವೇ ಓದಿ ನೋಡಿ.

ನೋಂದಣಿ ಪತ್ರವಿದ್ದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಬ್ರಿಟನ್ನಿನ ಸಣ್ಣ ಹಡಗುಗಳ ನೋಂದಣಿ, ಅಂದರೆ ಮೂರನೇ ಭಾಗ, ಧ್ವಜ ಹಾರಿಸಲು ಹಕ್ಕು ಕೊಡುತ್ತದೆ ಅಷ್ಟೇ. ಒಡೆತನವನ್ನೂ ಸಾಲವನ್ನೂ ದಾಖಲಿಸುವುದು ಮೊದಲನೇ ಭಾಗ. ಅದರಲ್ಲಿ ಈಗಲೂ ಪ್ರತಿ ದೋಣಿಯನ್ನು 64 ಪಾಲುಗಳಾಗಿ ಎಣಿಸುತ್ತಾರೆ, ಗಂಡ 32 ಹೆಂಡತಿ 32 ಎಂದಿದ್ದರೆ ಇಬ್ಬರ ಸಹಿಯೂ ಬೇಕು. ಅಮೆರಿಕದಲ್ಲಿ 5 ನೆಟ್ ಟನ್ (ಇದು ತೂಕವಲ್ಲ, ಒಳಜಾಗದ ಅಳತೆ) ಮತ್ತು ಮೇಲ್ಪಟ್ಟ ದೋಣಿಗಳು ಕೋಸ್ಟ್ ಗಾರ್ಡ್‌ನಲ್ಲಿ ದಾಖಲಾಗಿದ್ದರೆ ಒಡೆತನದ ಇತಿಹಾಸದ ಸಾರಾಂಶ ಅಲ್ಲಿಂದಲೇ ಸಿಗುತ್ತದೆ. ವರ್ಷಗಳ ಹಿಂದೆ ತೀರಿಸಿದ ಸಾಲ ಅದರಲ್ಲಿ ಇನ್ನೂ ಬಾಕಿಯೆಂದೇ ಕಂಡರೆ ಬೆಚ್ಚಬೇಡಿ, ತೀರುವಳಿ ಪತ್ರ ಸಲ್ಲಿಸಿ ಅಳಿಸಿಕೊಳ್ಳಿ. ಯಾರ್ಡ್‌ನ ಬಿಲ್ಲು, ಸಿಬ್ಬಂದಿಯ ಸಂಬಳ ಮುಂತಾದ ಕಡಲ ಋಣಭಾರ ಮಾಲೀಕರು ಬದಲಾದರೂ ದೋಣಿಯ ಬೆನ್ನು ಬಿಡುವುದಿಲ್ಲ. ಅನುಭವಿ ಗಿರಾಕಿಗಳು ಮೊದಲು ಕೇಳುವುದೇ ಅದನ್ನು.

ಹಂತ 5: ನೀವೇ ಮಾರುವುದೋ, ಬ್ರೋಕರ್ ಮೂಲಕವೋ?

ಬ್ರೋಕರ್ ಕಮಿಷನ್ ಅಮೆರಿಕದಲ್ಲಿ ಸಾಮಾನ್ಯವಾಗಿ ಶೇ. 10, ಯುರೋಪಿನಲ್ಲಿ ಕೆಲವೊಮ್ಮೆ ಕಡಿಮೆ. ಅಗ್ಗದ ದೋಣಿಗಳಿಗೆ ಶೇಕಡಾವಾರಿನ ಬದಲು ಕನಿಷ್ಠ ಶುಲ್ಕ ಇರುತ್ತದೆ. ಅದನ್ನು ಉಳಿಸಬೇಕೆಂಬ ಆಸೆ ಸಹಜ. ಆದರೆ ಯಾಟ್‌ವರ್ಲ್ಡ್‌ನಂಥ ದೊಡ್ಡ ಪಟ್ಟಿಗಳಿಗೆ ಬ್ರೋಕರ್‌ಗಳ ದೋಣಿಗಳಿಗಷ್ಟೇ ಪ್ರವೇಶ, ಬೇರೆ ಖಂಡದ ಗಿರಾಕಿ ಹುಡುಕುವುದು ಅಲ್ಲೇ. ಕೊಳ್ಳುವವರ ಕಡೆಯ ಬ್ರೋಕರ್ ಬೇರೆಯಿದ್ದರೆ ಕಮಿಷನ್ ಇಬ್ಬರ ನಡುವೆ ಹಂಚಿಕೆಯಾಗುತ್ತದೆ, ಅಂದರೆ ನಿಮ್ಮ ದೋಣಿಗಾಗಿ ಹಲವರು ಕೆಲಸ ಮಾಡಲು ಕಾರಣವಿದೆ.

ಹೀಗೆ ಬೇರ್ಪಡಿಸಿಕೊಳ್ಳಿ. ಬೆಲೆ ಕಡಿಮೆಯಿದ್ದು, ದೋಣಿ ನಿಮ್ಮ ಮನೆಯ ಹತ್ತಿರವೇ ಇದ್ದು, ಗಿರಾಕಿಯೂ ಅಲ್ಲಿಯವರೇ ಆಗುವ ಸಂಭವವಿದ್ದರೆ ನೀವೇ ಮಾರಿ: ಬ್ರಿಟನ್ನಿನಲ್ಲಿ ಅಪೊಲೊ ಡಕ್ ಜಾಲತಾಣ, ಎಲ್ಲೆಡೆ ಫೇಸ್‌ಬುಕ್ ಗುಂಪುಗಳು, ಕ್ಲಬ್‌ನ ಸೂಚನಾ ಫಲಕ ಸಾಕು. ಹೆಸರಾಂತ ಮಾಡೆಲ್ ಆಗಿದ್ದರೆ ಅದರ ಮಾಲೀಕರ ಸಂಘಕ್ಕೆ ಮೊದಲು ತಿಳಿಸಿ. ಅಂಥ ದೋಣಿಗಾಗಿ ಕಾಯುತ್ತಿರುವವರು ಅಲ್ಲೇ ಇರುತ್ತಾರೆ, ಒಂದು ಇಮೇಲ್‌ನಲ್ಲಿ ಮಾರಾಟ ಮುಗಿದದ್ದೂ ಉಂಟು. ದೋಣಿ ಒಂದು ದೇಶದಲ್ಲಿ, ನೀವು ಇನ್ನೊಂದರಲ್ಲಿ, ಧ್ವಜ ಮೂರನೆಯದು ಎಂದಾದರೆ ಬ್ರೋಕರ್ ಬೇಕೇ ಬೇಕು. ಬೀಗ ತೆಗೆದು ತೋರಿಸುವವರು, ಬಿಲ್ಜ್‌ಗೆ (ನೆಲದ ಹಲಗೆಯ ಕೆಳಗಿನ ತಳಕ್ಕೆ) ನೀರು ಬಂತೇ ಎಂದು ಮಳೆ ನಿಂತ ಮೇಲೆ ಹೋಗಿ ನೋಡುವವರು, ಮುಂಗಡ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕಾಯುವವರು ಒಬ್ಬರಿರಬೇಕಲ್ಲ.

ಬ್ರೋಕರ್‌ರನ್ನು ಆರಿಸುವ ಮುನ್ನ ಅವರ ಬೇರೆ ದೋಣಿಗಳ ಜಾಹೀರಾತು ನೋಡಿ. ಫೋಟೋದಲ್ಲಿ ಸಿಂಕ್‌ನೊಳಗೆ ತೊಳೆಯದ ತಟ್ಟೆಗಳಿದ್ದರೆ ನಿಮ್ಮದಕ್ಕೂ ಅದೇ ಗತಿ. ಸ್ನೇಹಿತರೊಬ್ಬರಿಂದ ಗಿರಾಕಿಯಂತೆ ಇಮೇಲ್ ಕಳಿಸಿ, ಉತ್ತರ ಬರಲು ಎಷ್ಟು ದಿನ ಹಿಡಿಯಿತು ನೋಡಿ. ಕರಾರಿನಲ್ಲಿ ಗಮನಿಸಬೇಕಾದವು: ಅವಧಿ (ಆರು ತಿಂಗಳಿಗಿಂತ ಹೆಚ್ಚು ಬೇಡ), ನೀವೇ ಗಿರಾಕಿ ತಂದರೆ ಕಮಿಷನ್ ಎಷ್ಟು, ಕರಾರು ಮುಗಿದ ಮೇಲೂ ಎಷ್ಟು ದಿನ ಅವರ ಹಕ್ಕು ಉಳಿಯುತ್ತದೆ, ಮುಂಗಡ ಯಾವ ಖಾತೆಯಲ್ಲಿರುತ್ತದೆ. ಮೂರು-ನಾಲ್ಕು ಬ್ರೋಕರ್‌ಗಳಿಗೆ ಒಟ್ಟಿಗೆ ಕೊಡುವುದು ಚುರುಕು ಎನಿಸಬಹುದು. ನಡೆಯುವುದು ಮಾತ್ರ ಒಂದೇ ದೋಣಿ ಬೇರೆಬೇರೆ ಬೆಲೆಗೆ ಎಲ್ಲೆಡೆ ಕಂಡು, ಯಾರೂ ಅದಕ್ಕಾಗಿ ಖರ್ಚು ಮಾಡದಿರುವುದು.

ಹರಾಜು ಮತ್ತು ದಾನ ಕೊನೆಯ ದಾರಿಗಳು. ತಿಂಗಳ ಬಾಡಿಗೆಯೇ ದೋಣಿಯ ಬೆಲೆಯನ್ನು ತಿನ್ನುತ್ತಿದ್ದರೆ ಅವೂ ಸರಿ.

ಹಂತ 6: ಬೆಲೆ

ಹೆತ್ತವರಿಗೆ ಹೆಗ್ಗಣ ಮುದ್ದು. ದೋಣಿಗೆ ನೀವು ಹಾಕಿದ ಹಣವನ್ನೆಲ್ಲ ಕೂಡಿ ಬೆಲೆ ಕಟ್ಟಬೇಡಿ. ಹೊಸ ಎಲೆಕ್ಟ್ರಾನಿಕ್ಸ್, ಹೊಸ ಮೆತ್ತೆ, ಹೊಸ ಬಣ್ಣ ದೋಣಿಯನ್ನು ಬೇಗ ಮಾರಿಸುತ್ತವೆ, ಹಾಕಿದ ಹಣವನ್ನು ಪೂರ್ತಿ ವಾಪಸ್ ತರುವುದಿಲ್ಲ. ಜಾಲತಾಣಗಳಲ್ಲಿ ಕಾಣುವುದು ಮಾರುವವರ ಆಸೆಯ ಬೆಲೆ. ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬ ದಾಖಲೆ ಬ್ರೋಕರ್‌ಗಳ ಸೋಲ್ಡ್‌ಬೋಟ್ಸ್ ಪಟ್ಟಿಯಲ್ಲಿರುತ್ತದೆ. ಕರಾರಿಗೆ ಸಹಿ ಹಾಕುವ ಮೊದಲೇ ನಿಮ್ಮ ಮಾಡೆಲ್‌ನ ಅಂಕಿಗಳನ್ನು ತೋರಿಸಿ ಎಂದು ಕೇಳಿ. ನಿಮ್ಮನ್ನು ಒಲಿಸಿಕೊಳ್ಳಲು ಅತಿ ಹೆಚ್ಚು ಬೆಲೆ ಹೇಳುವ ಬ್ರೋಕರ್‌ಗಿಂತ, ಅಂಕಿ ಮುಂದಿಟ್ಟು ನಿಮ್ಮ ಮುಖ ಸಣ್ಣದು ಮಾಡುವವರು ಮೇಲು.

ಕಾಯುವುದಕ್ಕೂ ಬೆಲೆಯಿದೆ. ಬರ್ತ್, ವಿಮೆ, ನಿರ್ವಹಣೆ ಸೇರಿ ವರ್ಷಕ್ಕೆ ದೋಣಿಯ ಬೆಲೆಯ ಸುಮಾರು ಶೇ. 10 ಖರ್ಚು ಎಂಬುದು ದೋಣಿಯವರ ನಡುವೆ ರೂಢಿಯಲ್ಲಿರುವ ಅಂದಾಜು. ಒಂದು ಲಕ್ಷ ಡಾಲರಿನ ದೋಣಿಗೆ ಅದು ತಿಂಗಳಿಗೆ 800 ಡಾಲರಿನ ಮೇಲಾಯಿತು. ಹತ್ತು ಸಾವಿರ ಹೆಚ್ಚು ಸಿಗಲಿ ಎಂದು ಒಂದು ವರ್ಷ ಕಾದರೆ ಆ ಹತ್ತು ಸಾವಿರ ಮರೀನಾಕ್ಕೇ ಹೋಗಿರುತ್ತದೆ, ದೋಣಿ ಒಂದು ವರ್ಷ ಹಳತಾಗಿರುತ್ತದೆ. ಹೊಸ ಜಾಹೀರಾತಿಗೆ ಅತಿ ಹೆಚ್ಚು ಕಣ್ಣು ಬೀಳುವುದು ಮೊದಲ ಕೆಲವು ವಾರ. ಆ ವಾರಗಳನ್ನು ಆಸೆಯ ಬೆಲೆಗೆ ಕಳೆದುಕೊಂಡವರು ಆಮೇಲೆ ಇಳಿಸುತ್ತಾ ಹೋಗುತ್ತಾರೆ, ಪ್ರತಿ ಇಳಿಕೆಯೂ "ಇದರಲ್ಲೇನೋ ಐಬಿರಬೇಕು" ಎಂಬ ಗುಮಾನಿ ಹುಟ್ಟಿಸುತ್ತದೆ. ಇಳಿಸಲೇಬೇಕಾದರೆ ಹನಿಹನಿಯಾಗಿ ಬೇಡ, ಒಂದೇ ಸಲ ಇಳಿಸಿ.

ಹಂತ 7: ದೋಣಿಯನ್ನು ಅಣಿಮಾಡುವುದು

ಮೊದಲು ಖಾಲಿ ಮಾಡಿ. ನಿಮ್ಮ ಬಟ್ಟೆ, ಪುಸ್ತಕ, ಹತ್ತು ವರ್ಷದ ಹಗ್ಗದ ತುಂಡುಗಳು, ಎಂದಾದರೂ ಬೇಕಾದೀತು ಎಂದು ಇಟ್ಟ ಹಳೆಯ ಪಂಪಿನ ಬಿಡಿಭಾಗ ಎಲ್ಲವೂ ಹೊರಗೆ. ಖಾಲಿ ಕಪಾಟು ದೋಣಿಯನ್ನು ದೊಡ್ಡದಾಗಿ ತೋರಿಸುತ್ತದೆ.

ಆಮೇಲೆ ವಾಸನೆ. ಮೆಟ್ಟಿಲಿಳಿದು ಕ್ಯಾಬಿನ್ನಿಗೆ ಕಾಲಿಟ್ಟವರ ಮೂಗಿಗೆ ಮೊದಲು ತಗಲುವುದು ಡೀಸೆಲ್, ಬೂಷ್ಟು ಮತ್ತು ಟಾಯ್ಲೆಟ್ ಕೊಳವೆ. ಮಾಲೀಕರಿಗೆ ಇದು ಗೊತ್ತಾಗುವುದೇ ಇಲ್ಲ, ಅವರ ಮೂಗು ಒಗ್ಗಿಹೋಗಿರುತ್ತದೆ. ಸುಗಂಧ ಸಿಂಪಡಿಸಿದರೆ ಅನುಮಾನ ಇನ್ನಷ್ಟು. ನೆಲದ ಹಲಗೆಗಳನ್ನು ಎತ್ತಿ ಬಿಲ್ಜ್ ಉಜ್ಜಿ ಒಣಗಿಸಿ, ಹಳೆಯ ಟಾಯ್ಲೆಟ್ ಕೊಳವೆ ಬದಲಿಸಿ, ಮೆತ್ತೆಗಳನ್ನು ಬಿಸಿಲಿಗೆ ಹಾಕಿ. ಎಂಜಿನ್ ಕೆಳಗಿನ ತಟ್ಟೆ ಸ್ವಚ್ಛವಾಗಿದ್ದು, ಒಂದು ಬಿಳಿ ಹೀರುಹಾಳೆ ಹಾಸಿದ್ದು, ಅದರ ಮೇಲೆ ಎಣ್ಣೆಯ ಹನಿ ಇಲ್ಲದಿದ್ದರೆ ಗಿರಾಕಿಗೆ ಅದೊಂದೇ ನೋಟ ಹಲವು ಪ್ರಶ್ನೆಗಳಿಗೆ ಉತ್ತರ.

ಸಣ್ಣ ಕೆಡುಕುಗಳನ್ನೆಲ್ಲ ಸರಿಪಡಿಸಿ: ಉರಿಯದ ದೀಪ, ಸೋರುವ ಕಿಟಕಿ, ತಿರುಗದ ವಾಲ್ವ್. ದೊಡ್ಡ ಖರ್ಚಿಗೆ ಕೈಹಾಕುವ ಮುನ್ನ ನಿಲ್ಲಿ. ಮಾಸ್ಟ್ (ಹಾಯಿಯ ಕಂಬ) ಹಿಡಿದಿರುವ ತಂತಿಗಳು 10-15 ವರ್ಷ ಹಳೆಯವಾದರೆ ವಿಮೆಯವರು ಬದಲಿಸಲು ಹೇಳುವುದು ಸಾಮಾನ್ಯ, ಎಂಜಿನ್ನಿನ ಬಲವನ್ನು ಒಡಲಿನ ತಳದ ತೂತಿನ ಮೂಲಕ ಪ್ರೊಪೆಲರ್‌ಗೆ ಒಯ್ಯುವ ವೋಲ್ವೊ ಪೆಂಟಾ ಸೇಲ್‌ಡ್ರೈವ್‌ನ ರಬ್ಬರ್ ಸೀಲನ್ನು 7 ವರ್ಷಕ್ಕೊಮ್ಮೆ ಬದಲಿಸಬೇಕೆಂದು ಕಂಪನಿಯೇ ಹೇಳುತ್ತದೆ. ಇವು ಬಾಕಿಯಿದ್ದರೆ ಎರಡೇ ದಾರಿ: ಮಾಡಿಸಿ ರಸೀದಿ ಇಟ್ಟುಕೊಳ್ಳಿ, ಅಥವಾ ಬೆಲೆಯಲ್ಲೇ ಕಳೆದು "ಬಾಕಿಯಿದೆ" ಎಂದು ಬರೆಯಿರಿ. ನಾನಾದರೆ ಸೀಲ್ ಬದಲಿಸುತ್ತೇನೆ, ತಂತಿಗಳನ್ನು ಬಿಡುತ್ತೇನೆ. ಹೊಸ ಮಾಲೀಕರಿಗೆ ತಮ್ಮ ಆಯ್ಕೆಯ ರಿಗ್ಗರ್‌ನಿಂದ (ಮಾಸ್ಟ್, ತಂತಿಗಳ ಕೆಲಸಗಾರ) ಮಾಡಿಸುವ ಇಷ್ಟವಿರುತ್ತದೆ.

ಹಂತ 8: ಜಾಹೀರಾತು

ವಿಶೇಷಣಗಳನ್ನು ಬಿಟ್ಟು ಇಸವಿಗಳನ್ನು ಬರೆಯಿರಿ. "ಅತ್ಯುತ್ತಮ ಸ್ಥಿತಿ, ನೋಡಲೇಬೇಕು" ಎಂಬುದನ್ನು ಯಾರೂ ಓದುವುದಿಲ್ಲ. "ತಂತಿಗಳು 2019, ಮುಖ್ಯ ಹಾಯಿ 2016, ಎರಡು ಕಡೆ ಹೊಲಿಗೆ ದುರಸ್ತಿ, ಎಂಜಿನ್ 3,400 ಗಂಟೆ, ಬ್ಯಾಟರಿ 2022, ಮುಂದಿನ ಕಿಟಕಿಯ ಸೀಲ್ ಬದಲಿಸಬೇಕು" ಎಂಬ ಸಾಲನ್ನು ಗಿರಾಕಿ ನಕಲು ಮಾಡಿ ಹೆಂಡತಿಗೋ ಗಂಡನಿಗೋ ಕಳಿಸುತ್ತಾರೆ. ಐಬುಗಳನ್ನು ನೀವೇ ಹೇಳಿದರೆ ಮಿಕ್ಕದ್ದನ್ನು ನಂಬುತ್ತಾರೆ. ಹೇಗೂ ಕೊಳ್ಳುವವರ ಪರವಾಗಿ ದೋಣಿ ಪರೀಕ್ಷಿಸುವ ಸರ್ವೇಯರ್ ಕಂಡುಹಿಡಿಯುತ್ತಾರೆ. ಎಂಜಿನ್, ಬಿಲ್ಜ್, ವಿದ್ಯುತ್ ಫಲಕದ ಹಿಂಬದಿ, ಕೀಲ್ (ಒಡಲಿನಡಿಯ ಭಾರದ ರೆಕ್ಕೆ) ಸೇರುವ ಜಾಗ ಇವುಗಳ ಫೋಟೋ ಇರಲಿ. ಸೂರ್ಯಾಸ್ತದ ಫೋಟೋ ಒಂದು ಸಾಕು.

ಹಂತ 9: ವಿಚಾರಣೆ, ವಂಚನೆ

ದೋಣಿಯನ್ನು ನೋಡದೆಯೇ ಪೂರ್ತಿ ಬೆಲೆಗೆ ಒಪ್ಪಿ, ಬೆಲೆಗಿಂತ ಹೆಚ್ಚು ಮೊತ್ತದ ಚೆಕ್ ಕಳಿಸಿ, "ಹೆಚ್ಚಾದದ್ದನ್ನು ನಮ್ಮ ಸಾಗಣೆಯವರಿಗೆ ಕೊಡಿ" ಎನ್ನುವವರು ವಂಚಕರೇ. ಚೆಕ್ ವಾರಗಳ ನಂತರ ವಾಪಸಾಗುತ್ತದೆ, ನೀವು ಕೊಟ್ಟ ಹಣ ಹೋಗಿರುತ್ತದೆ. ನೋಂದಣಿ ಪತ್ರದ ಪೂರ್ತಿ ಪ್ರತಿಯನ್ನು ಕೇಳಿದ ಪ್ರತಿಯೊಬ್ಬರಿಗೂ ಕಳಿಸಬೇಡಿ.

ಇನ್ನೊಂದು ಬಗೆ ನಿರುಪದ್ರವಿ: ಭಾನುವಾರ ಬಂದು, ಒಂದು ಸುತ್ತು ಹಾಯಿಸಿ ನೋಡೋಣ ಎನ್ನುವವರು. ಸಮುದ್ರದ ಪರೀಕ್ಷೆ ಬೆಲೆ ಒಪ್ಪಿ ಮುಂಗಡ ಕೊಟ್ಟ ಮೇಲೆ ಎಂದು ನಗುತ್ತಲೇ ಹೇಳಿಬಿಡಿ.

ಹಂತ 10: ಆಫರ್, ಸರ್ವೆ, ಮರುಚೌಕಾಸಿ

ರೂಢಿಯ ಕ್ರಮ ಹೀಗೆ. ಬೆಲೆ ಬಾಯಲ್ಲಿ ಒಪ್ಪಿದ ಮೇಲೆ ಲಿಖಿತ ಒಪ್ಪಂದ, ಜೊತೆಗೆ ಸುಮಾರು ಶೇ. 10 ಮುಂಗಡ. ಸರ್ವೆ ಮತ್ತು ಸಮುದ್ರ ಪರೀಕ್ಷೆ ತೃಪ್ತಿಕರವಾಗಿದ್ದರೆ ಮಾತ್ರ ಖರೀದಿ ಎಂಬ ಷರತ್ತು. ಸರ್ವೇಯರ್ ಶುಲ್ಕ, ದೋಣಿಯನ್ನು ನೀರಿನಿಂದ ಎತ್ತಿಸುವ ಖರ್ಚು ಕೊಳ್ಳುವವರದು. ಇಂತಿಷ್ಟು ದಿನಾಂಕದೊಳಗೆ ಒಪ್ಪಿಗೆ ಅಥವಾ ನಿರಾಕರಣೆ ಬರವಣಿಗೆಯಲ್ಲಿ ಬರಬೇಕು. ಆ ದಿನಾಂಕ ಇಲ್ಲದಿದ್ದರೆ ನಿಮ್ಮ ದೋಣಿ ಮಾರಾಟವೂ ಆಗದೆ, ಬೇರೆಯವರಿಗೆ ತೋರಿಸಲೂ ಆಗದೆ ತಿಂಗಳುಗಟ್ಟಲೆ ನೇತಾಡುತ್ತದೆ. ಯಾವ ಸಾಮಾನು ದೋಣಿಯ ಜೊತೆ ಹೋಗುತ್ತದೆ, ಯಾವುದು ನಿಮ್ಮದು ಎಂಬ ಪಟ್ಟಿ ಒಪ್ಪಂದಕ್ಕೆ ಅಂಟಿಸಿರಲಿ. ಡಿಂಗಿ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಮತ್ತು ಅದರ ಎಂಜಿನ್ ಬಗ್ಗೆಯೇ ಹೆಚ್ಚು ಜಗಳ.

ಸರ್ವೆಯ ದಿನ ದೋಣಿಯಲ್ಲಿರಿ, ಆದರೆ ಸರ್ವೇಯರ್‌ಗೆ ಅಂಟಿಕೊಂಡಿರಬೇಡಿ. ಅವರು ಒಡಲನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಟಣ್ ಎನ್ನುವ ಗಟ್ಟಿ ಸದ್ದು ನಡುವೆ ಒಮ್ಮೆಲೇ ಮಂಕಾದರೆ ಅಲ್ಲಿ ಚಾಕ್‌ನಿಂದ ಗುರುತು. ತೇವಮಾಪಕ ಹಿಡಿದು ಡೆಕ್‌ನ ಮೇಲೆ, ಕಂಬಿಗಳ ಬುಡದ ಸುತ್ತ ನೋಡುತ್ತಾರೆ, ಏಕೆಂದರೆ ನೀರು ಒಳಗಿಳಿಯುವುದು ಬೋಲ್ಟ್‌ನ ತೂತುಗಳಿಂದ. ಫೈಬರ್‌ಗ್ಲಾಸ್‌ನ ಕೆಳಭಾಗದಲ್ಲಿ ಗುಳ್ಳೆಗಳಿದ್ದರೆ ಆಸ್ಮೋಸಿಸ್, ಅಂದರೆ ಪದರಗಳೊಳಗೆ ನೀರು ಇಳಿದಿದೆ, ಎಂದು ಬರೆಯುತ್ತಾರೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸುತ್ತಾರೆ, ಹಾಗಾಗಿ ಮೊದಲೇ ಬಿಸಿ ಮಾಡಿಡಬೇಡಿ. ಕೈಯಿಟ್ಟು ನೋಡಿದ ಕೂಡಲೇ ಗೊತ್ತಾಗುತ್ತದೆ.

ವರದಿ ಬಂದಾಗ ನೂರು ಅಂಶಗಳಿರುತ್ತವೆ, ಬೆಚ್ಚಬೇಡಿ. ಅವನ್ನು ಎರಡು ಗುಂಪು ಮಾಡಿ: ಜಾಹೀರಾತಿನಲ್ಲಿ ನೀವೇ ಹೇಳಿದ್ದ ಅಥವಾ ದೋಣಿಯ ವಯಸ್ಸಿಗೆ ಸಹಜವಾದ ವಿಷಯಗಳು, ಮತ್ತು ಇಬ್ಬರಿಗೂ ತಿಳಿದಿರದ ನಿಜವಾದ ದೋಷಗಳು. ಬೆಲೆ ಇಳಿಸುವ ಮಾತು ಎರಡನೆಯದಕ್ಕೆ ಮಾತ್ರ. ಚುಕ್ಕಾಣಿಯೊಳಗೆ ನೀರು ಸೇರಿದ್ದರೆ ಒಪ್ಪಿಕೊಳ್ಳಿ; 20 ವರ್ಷದ ದೋಣಿಯಲ್ಲಿ 20 ವರ್ಷದ ಜೆಲ್‌ಕೋಟ್ (ಫೈಬರ್‌ಗ್ಲಾಸ್‌ನ ಹೊರಪದರ) ಇದೆ ಎಂಬುದು ದೋಷವಲ್ಲ. ಮತ್ತೆ, ದುರಸ್ತಿ ಮಾಡಿಸಿಕೊಡುತ್ತೇನೆ ಎಂದು ಮಾತು ಕೊಡುವುದಕ್ಕಿಂತ ಆ ಮೊತ್ತವನ್ನು ಬೆಲೆಯಲ್ಲಿ ಕಳೆದುಬಿಡುವುದು ಲೇಸು. ನೀವು ಮಾಡಿಸಿದರೆ ಯಾರ್ಡ್ ತಡಮಾಡುತ್ತದೆ, ಮಾಡಿದ ಕೆಲಸ ಅವರಿಗೆ ಹಿಡಿಸುವುದಿಲ್ಲ, ಒಪ್ಪಂದದ ದಿನಾಂಕ ದಾಟುತ್ತದೆ.

ಹಂತ 11: ಕೈಬದಲು

ಹಣ ನಿಮ್ಮ ಅಥವಾ ಬ್ರೋಕರ್ ಗ್ರಾಹಕರ ಹಣಕ್ಕೆಂದೇ ಇಟ್ಟಿರುವ ಖಾತೆಗೆ ಬಂದು ನಿಂತಿದೆ ಎಂದು ಬ್ಯಾಂಕಿನಿಂದಲೇ ಖಚಿತವಾದ ಮೇಲೆ ಕ್ರಯಪತ್ರಕ್ಕೆ ಸಹಿ ಹಾಕಿ ಬೀಗದ ಕೈ ಕೊಡಿ. ಖಾತೆ ಸಂಖ್ಯೆ ಬದಲಾಗಿದೆ ಎಂದು ಕೊನೆಯ ಗಳಿಗೆಯಲ್ಲಿ ಇಮೇಲ್ ಬಂದರೆ, ಯಾರಿಂದಲೇ ಬಂದಿರಲಿ, ಫೋನ್ ಮಾಡಿ ಕೇಳದೆ ನಂಬಬೇಡಿ. ಕ್ರಯಪತ್ರದಲ್ಲಿ ದಿನಾಂಕದ ಜೊತೆ ಗಂಟೆಯನ್ನೂ, ದೋಣಿ ಆಗ ಯಾವ ಬಂದರಿನಲ್ಲಿತ್ತು ಎಂಬುದನ್ನೂ ಬರೆಯಿರಿ. ತೆರಿಗೆಯ ಪ್ರಶ್ನೆ ಎದ್ದರೆ ಆ ಒಂದು ಸಾಲು ಇಬ್ಬರನ್ನೂ ಕಾಯುತ್ತದೆ.

ನಿಮ್ಮ ಹೆಸರಿನ ನೋಂದಣಿಯನ್ನು ರದ್ದು ಮಾಡಿಸಿ, ರದ್ದತಿ ಪತ್ರವನ್ನು ಹೊಸ ಮಾಲೀಕರಿಗೆ ಕಳಿಸಿ; ಬೇರೆ ಧ್ವಜದಡಿ ನೋಂದಾಯಿಸಲು ಅವರಿಗೆ ಅದು ಬೇಕು. ರೇಡಿಯೊ ಮತ್ತು ಎಐಎಸ್‌ನ (ದೋಣಿಯ ಗುರುತು, ಸ್ಥಾನವನ್ನು ಸುತ್ತಲಿನ ಹಡಗುಗಳಿಗೆ ತಿಳಿಸುವ ಉಪಕರಣ) ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆಯ ಮೊದಲ ಮೂರು ಅಂಕಿ ದೇಶವನ್ನು ಸೂಚಿಸುವುದರಿಂದ ಧ್ವಜ ಬದಲಾದರೆ ಸಂಖ್ಯೆಯೂ ಬದಲಾಗಬೇಕು. ಅಪಾಯದ ಸಂಕೇತ ಕಳಿಸುವ ಇಪಿಐಆರ್‌ಬಿ ದೋಣಿಯ ಜೊತೆ ಹೋಗುತ್ತಿದ್ದರೆ ನೋಂದಣಿಯಲ್ಲಿ ನಿಮ್ಮ ಹೆಸರು, ಫೋನ್ ತೆಗೆಸಿ ಹೊಸ ಮಾಲೀಕರ ವಿವರ ಸೇರಿಸಲು ಅದೇ ದಿನ ಜೊತೆಗೆ ಕೂತು ಫಾರಂ ತುಂಬಿ. ಇಲ್ಲದಿದ್ದರೆ ಅವರು ಎಲ್ಲೋ ಅಪಾಯಕ್ಕೆ ಸಿಕ್ಕಾಗ ರಕ್ಷಣಾ ಕೇಂದ್ರದವರು ಮೊದಲು ಕರೆ ಮಾಡುವುದು ನಿಮಗೆ. ವಿಮೆಯನ್ನು ಮಾತ್ರ ಬೀಗದ ಕೈ ಕೊಡುವ ಗಳಿಗೆಯವರೆಗೂ ರದ್ದು ಮಾಡಬೇಡಿ, ಸಮುದ್ರ ಪರೀಕ್ಷೆಯ ದಿನ ಚುಕ್ಕಾಣಿ ಹಿಡಿದಿರುವುದು ಅವರಾದರೂ ಹೊಣೆ ನಿಮ್ಮದೇ.